ಒಂದೇ ಮಣ್ಣಿನವರು

೧

ಎಲ್ಲಿಂದ ಶುರು ಮಾಡಲಿ? 'ಕಪಿಲೆ ತುಂಬಿ ಹರಿಯುತ್ತಿದ್ದಳು' ಎಂದು ಬರೆದೆ, ಹೊಡೆದುಹಾಕಿದೆ. ಈ ಕಥೆಯಲ್ಲಿ ಹೊಳೆಗೆ ಏನೂ ಕೆಲಸವಿಲ್ಲ. ಸೋಲಿನಿಂದ ಶುರು ಮಾಡಬಹುದು. ಆದರೆ ಸೋತವನು ಒಪ್ಪುತ್ತಿಲ್ಲ.

"ನಾನು ಮಣ್ಣಿಗೆ ಬೆನ್ನು ಕೊಟ್ಟಿದ್ರಿಂದ್ಲೇ ಶುರು ಮಾಡ್ಬೇಕಾ ಸಾ? ಬ್ಯಾರೆ ಏನೂ ಸಿಕ್ಕನಿಲ್ವಾ?" ಎನ್ನುತ್ತಾನೆ ಬೆಟ್ಟಯ್ಯ.

ಸಿಕ್ಕಲಿಲ್ಲ, ಬೆಟ್ಟಯ್ಯ.

೨

ಸಾವಿರದ ಒಂಬೈನೂರ ಎಂಟೋ ಒಂಬತ್ತೋ. ನಂಜನಗೂಡಿನಲ್ಲೊಂದು ಕುಸ್ತಿಯ ಗರಡಿ. ವರ್ಷ ವರ್ಷವೂ ಅದರ ಪೈಲ್ವಾನರು ದಸರೆ ಕುಸ್ತಿಗೆಂದು ರೈಲು ಹತ್ತಿ ಮೈಸೂರಿಗೆ ಹೋಗುವುದು, ಸೋತು ಅದೇ ರೈಲಿನಲ್ಲಿ ವಾಪಸಾಗುವುದು. ಹೋಗುವಾಗ ಹಾಡು, ಬರುವಾಗ ನಿದ್ದೆಯ ನಟನೆ.

ಬೆಟ್ಟಯ್ಯ ಆ ಗರಡಿಯ ದೊಡ್ಡ ಆಳು. ಹಿಂದಿನ ದಸರೆಯಲ್ಲಿ ತಿರುಮಕೂಡಲು ನರಸೀಪುರದ ಜವರಯ್ಯ ಅವನನ್ನು ಎತ್ತಿ ಚಿತ್ ಮಾಡಿದ್ದ. ಅಂಗಾತ ಬಿದ್ದವನಿಗೆ ಮೊದಲು ಕಂಡದ್ದು ಆಕಾಶ, ಆಮೇಲೆ ಕೇಳಿಸಿದ್ದು ಜನರ ನಗು. ಆಕಾಶ ಮರೆತುಹೋಯಿತು. ವಯಸ್ಸು ಕೈಕೊಡುವ ಮೊದಲು ಜವರಯ್ಯನ ಜೊತೆ ಇನ್ನೊಂದು ಸಲ, ಅದೇ ಅಖಾಡದಲ್ಲಿ, ಅದೇ ಜನರ ಮುಂದೆ. ಬೆಟ್ಟಯ್ಯನಿಗೆ ಬೇಕಾದದ್ದು ಅಷ್ಟೇ.

ಗರಡಿಯ ಯಜಮಾನ ಮಲ್ಲಯ್ಯ ಹೇಳಿದ: "ಆಳು ಕೆಟ್ಟಿಲ್ಲ ಕಣ್ರಲಾ. ಯೋಳ್ಕೊಡೋರಿಲ್ಲ. ಒಬ್ಬ ಒಳ್ಳೆ ಉಸ್ತಾದ್ ಬೇಕು."

ಸೋಲುವ ಗರಡಿಗೆ ಒಳ್ಳೆಯ ಉಸ್ತಾದರು ಯಾಕೆ ಬರುತ್ತಾರೆ? ನನ್ನ ಪ್ರಶ್ನೆಯೂ ಇದೇ. (ಮೊದಲ ಡ್ರಾಫ್ಟಿನಲ್ಲಿ ಇದು ನಮ್ಮ ಕಾಲದ ಫುಟ್‌ಬಾಲ್ ಟೀಮಿನ ಕಥೆಯಾಗಿತ್ತು. ಅಲ್ಲಿ ಕೋಚ್ ಬರುತ್ತಾನೆ, ಸೋಲುತ್ತಾನೆ, ಹೋಗುತ್ತಾನೆ. ಯಾರ ಮೈಗೂ ಏನೂ ಅಂಟುವುದಿಲ್ಲ. ಹರಿದುಹಾಕಿದೆ.)

ಮೈಸೂರಿನ ಒಬ್ಬ ಉಸ್ತಾದರು ಮಲ್ಲಯ್ಯ ಕಳಿಸಿದ ವೀಳ್ಯವನ್ನು ಹಾಗೇ ಹಿಂದಕ್ಕೆ ಕಳಿಸಿದರು. "ಸೋಲೋದು ಕಲಿಸೋಕೆ ನಾನ್ಯಾಕೆ? ನಿಮಗೇ ಚೆನ್ನಾಗಿ ಬರುತ್ತಲ್ಲ."

ಉಳಿದವರು ಒಬ್ಬರೇ, ನರಸೀಪುರದ ದೊಡ್ಡಸಿದ್ದಯ್ಯ. ಜವರಯ್ಯನನ್ನು ತಯಾರು ಮಾಡಿದವರು.

"ನಾನೇ ಓಯ್ತೀನಿ," ಎಂದ ಬೆಟ್ಟಯ್ಯ. "ಜವರನ ಪಟ್ಟೆಲ್ಲಾ ಅವರಿಗೇ ತಾನೆ ಗೊತ್ತಿರೋದು?"

ಅವನ ಹೆಂಡತಿ ಕೆಂಪಾಜಮ್ಮ ಬುತ್ತಿ ಕಟ್ಟುತ್ತ, "ಸೋಲಿಸ್ದೋರ ಬಾಗ್ಲಿಗೇ ವೀಳ್ಯ ಇಡ್ಕೊಂಡು ಒಂಟ್ಯಾ? ನಾಚ್ಕೇನೂ ಗರಡೀಲೇ ಬುಟ್ಟು ಬಂದ್ಯಾ?" ಎಂದಳು. (ಈ ಕಥೆಯಲ್ಲಿ ಅವಳಿಗೆ ಇದೊಂದೇ ಮಾತು. ಇನ್ನೊಂದು ಕೊಡಲು ನೋಡಿದೆ. ಇದಕ್ಕಿಂತ ನಿಜವಾದದ್ದು ಸಿಗಲಿಲ್ಲ.)

೩

ನರಸೀಪುರದ ಗರಡಿ. ಜಗಲಿಯ ಮೇಲೆ ಜವರಯ್ಯ ಕಾಲು ಚಾಚಿ ಕೂತಿದ್ದ. ಬೆಟ್ಟಯ್ಯನನ್ನು ಕಂಡರೂ ಏಳಲಿಲ್ಲ. ನಾನು ಅದನ್ನು 'ಸೊಕ್ಕು' ಎಂದು ಬರೆದೆ. ಬೆಟ್ಟಯ್ಯನೂ ಹಾಗೇ ಓದಿಕೊಂಡ.

ದೊಡ್ಡಸಿದ್ದಯ್ಯನವರ ಕಿವಿಗಳು ಹಳೆಯ ಕುಸ್ತಿಗಳಲ್ಲಿ ಉಜ್ಜಿ ಉಜ್ಜಿ ಮುದುಡಿಹೋಗಿದ್ದವು. ಬೆಟ್ಟಯ್ಯ ನೀಡಿದ ವೀಳ್ಯದ ತಟ್ಟೆಯನ್ನು ಅವರು ಮುಟ್ಟಲಿಲ್ಲ. ಜಗಲಿಯ ಕಡೆ ಒಮ್ಮೆ ನೋಡಿದರು.

"ಯೋಚ್ನೆ ಮಾಡಿದ್ದೀಯೇನ್ಲಾ?"

"ಮಾಡಿವ್ನಿ ಉಸ್ತಾದ್ರೆ."

"ಚೆನ್ನಾಗಿ ಮಾಡಿದ್ದೀಯಾ?"

"ಊಂ."

ಯಾವುದರ ಬಗ್ಗೆ ಯೋಚನೆ ಎಂದು ಬೆಟ್ಟಯ್ಯ ಕೇಳಲಿಲ್ಲ. ಕೇಳಿದರೆ ತಾನು ದಡ್ಡನಾಗುತ್ತೇನಲ್ಲ, ಅದೂ ಜವರಯ್ಯನ ಎದುರಿಗೆ.

ದೊಡ್ಡಸಿದ್ದಯ್ಯ ವೀಳ್ಯ ತೆಗೆದುಕೊಂಡರು. ಇಷ್ಟು ಸಲೀಸಾಗಿ ಬರುತ್ತಾರೆಂದು ಬೆಟ್ಟಯ್ಯ ಎಣಿಸಿರಲಿಲ್ಲ. ಅವರು ತಮ್ಮ ಗರಡಿಯ ಕೆಮ್ಮಣ್ಣನ್ನು ಒಂದು ಪಂಚೆಯಲ್ಲಿ ಗಂಟು ಕಟ್ಟಿ ಅವನ ತಲೆಯ ಮೇಲಿಟ್ಟರು. ನಂಜನಗೂಡಿನವರೆಗೂ ಅವನು ಅದನ್ನು ಗಾಡಿಯಲ್ಲಿ ಕೆಳಗಿಡದೆ ತೊಡೆಯ ಮೇಲೆ ಇಟ್ಟುಕೊಂಡೇ ಬಂದ, ಕೂಸನ್ನು ತಂದ ಹಾಗೆ.

೩ (ಮತ್ತೆ. ಯಾಕೆಂದರೆ ಒಂದು ಮಾತು ಬಿಟ್ಟಿದ್ದೆ.)

ಪದ್ಧತಿ ಹೀಗಿತ್ತು: ಉಸ್ತಾದರು ಹೊಸ ಗರಡಿಗೆ ಹೋದರೆ ಹಳೆಯ ಗರಡಿಯ ಮಣ್ಣು ತಂದು ಅಲ್ಲಿಯ ಮಣ್ಣಿಗೆ ಕೂಡಿಸಬೇಕು. ಅವತ್ತಿನಿಂದ ಎರಡೂ ಗರಡಿ ಒಂದೇ ಮಣ್ಣು. ಒಂದೇ ಮಣ್ಣಿನವರು ಅಖಾಡದಲ್ಲಿ ಒಬ್ಬರಿಗೊಬ್ಬರು ತೊಡೆ ತಟ್ಟುವಂತಿಲ್ಲ.

ಇದು ಬೆಟ್ಟಯ್ಯನಿಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ಆದರೆ ನಂಜನಗೂಡಿನಲ್ಲಿ ಕುಸ್ತಿ ಅಪ್ಪ ಮಗನಿಗೆ ಹೇಳಿಕೊಟ್ಟೇ ನಡೆದುಬಂದಿತ್ತು. ಹೊರಗಿನ ಮಣ್ಣು ಯಾವತ್ತೂ ಒಳಗೆ ಬಿದ್ದಿರಲಿಲ್ಲ. ಗೊತ್ತಿದ್ದದ್ದು ನೆನಪಾಗಲು ಸಂದರ್ಭವೇ ಬಂದಿರಲಿಲ್ಲ.

ಗಂಟು ಬಿಚ್ಚಿ ಸುರಿದವನೂ ಅವನೇ, ಕೈಯಾರೆ ಕಲಸಿದವನೂ ಅವನೇ. ಉಸ್ತಾದರು ಎಲ್ಲರ ಹಣೆಗೂ ಆ ಮಣ್ಣು ಹಚ್ಚಿ ಹೇಳಿದರು: "ಇನ್ಮೇಲೆ ಜವರ ನಿಮ್ಮ ಒಡಹುಟ್ದೋನು."

ಆಗ ಬೆಟ್ಟಯ್ಯನಿಗೆ ನೆನಪಾಯಿತು. ಅವನು ಮಲ್ಲಯ್ಯನ ಕಡೆ ತಿರುಗಿದ.

"ನಿಂಗೆ ನೆಪ್ಪಿತ್ತಾ ಯಜಮಾನ?"

ಮಲ್ಲಯ್ಯ ನೆಲ ನೋಡುತ್ತಿದ್ದ. "ಗರಡಿ ಉಳೀಬೇಕಿತ್ತು ಕಣ್ಲಾ."

೪

ಗರಡಿ ಉಳಿಯಿತು. ಮುಂದಿನ ದಸರೆಯಲ್ಲಿ ನಂಜನಗೂಡಿನ ಆಳುಗಳು ಗೆದ್ದರು, ಬೆಟ್ಟಯ್ಯನೂ ಗೆದ್ದ, ಯಾರ್ಯಾರನ್ನೋ. ಗೆದ್ದು ಎದ್ದಾಗ ಜನರ ನಡುವಿನಿಂದ ಯಾರೋ ಕೂಗಿದರು: "ಓ, ಜವರ ಎತ್ತಾಕಿದ್ನಲ್ಲ, ಅವನೇ ಅಲ್ವೇನ್ರಲಾ?"

ಹಬ್ಬ ಮುಗಿದ ಮೇಲೆ ಜವರಯ್ಯ ಉಸ್ತಾದರನ್ನು ನೋಡಲು ನಂಜನಗೂಡಿಗೆ ಬಂದ. ಕೋಲೂರಿಕೊಂಡು. "ಅಣ್ಣಾ" ಎಂದು ಬೆಟ್ಟಯ್ಯನ ಕಾಲು ಮುಟ್ಟಲು ಬಗ್ಗಿದ, ಅರ್ಧಕ್ಕೇ ನಿಂತ. ಮಂಡಿ ಬಗ್ಗಲಿಲ್ಲ.

"ಯಾವಾಗಿಂದ್ಲಾ?"

"ನೀನು ವೀಳ್ಯ ತಂದ್ಯಲ್ಲಣ್ಣ, ಅದಕ್ಕೂ ಮುಂಚೆ. ಏಳೋಕಾಯ್ತಿರನಿಲ್ಲ ಅವತ್ತು."

(ಮೇಲೆ 'ಸೊಕ್ಕು' ಎಂದು ಬರೆದಿದ್ದೇನಲ್ಲ, ಅದನ್ನು ಅಳಿಸುವುದಿಲ್ಲ. ಬೆಟ್ಟಯ್ಯ ಅದನ್ನು ಅಷ್ಟು ದಿನ ನಂಬಿದ್ದ. ನೀವೂ ಸ್ವಲ್ಪ ಹೊತ್ತು ನಂಬಿದಿರಿ.)

ಆ ಮಂಡಿ ಹೊತ್ತು ಜವರಯ್ಯ ಅಖಾಡಕ್ಕೆ ಇಳಿದಿದ್ದರೆ ಬೆಟ್ಟಯ್ಯ ಒಂದೇ ಪಟ್ಟಿಗೆ ಕೆಡವುತ್ತಿದ್ದ. ಇಳಿಯದಿದ್ದರೆ ಹೆದರಿದ ಎಂಬ ಹೆಸರು ಜವರಯ್ಯನಿಗೆ ಬರುತ್ತಿತ್ತು. ಈಗ ಎರಡೂ ಇಲ್ಲ. ಹಾಗಾದರೆ ದೊಡ್ಡಸಿದ್ದಯ್ಯ ಬಂದದ್ದು ಈ ಗರಡಿಯನ್ನು ಎತ್ತಲಿಕ್ಕೋ, ಆ ಶಿಷ್ಯನ ಮಾನ ಮುಚ್ಚಲಿಕ್ಕೋ?

ಕೊನೆ, ಒಂದು

ಬೆಟ್ಟಯ್ಯ ಗರಡಿ ಬಿಟ್ಟು ಕಳಲೆಯ ಕಡೆ ಹೋಗಿ ಬೇಸಾಯಕ್ಕೆ ನಿಂತ. (ಇದು ಸೋಮಾರಿ ಕೊನೆ. ನನ್ನ ಸೋಮಾರಿತನ, ಅವನದಲ್ಲ.)

ಕೊನೆ, ಎರಡು

ಯಾರೂ ಇಲ್ಲದ ಹೊಳೆದಂಡೆಯಲ್ಲಿ ಇಬ್ಬರೂ ಕುಸ್ತಿಗೆ ಬೀಳುತ್ತಾರೆ, ಬೆಟ್ಟಯ್ಯ ಗೆಲ್ಲುತ್ತಾನೆ. ಇದನ್ನು ಅವನಿಗೆ ಓದಿ ಹೇಳಿದೆ.

"ಸೋತಿದ್ದನ್ನ ಊರೆಲ್ಲಾ ನೋಡ್ತು. ಗೆದ್ದಿದ್ದನ್ನ ಹೊಳೆ ಒಂದೇ ನೋಡ್ಬೇಕಾ? ಅದೂ ಕುಂಟನ್ನ ಗೆದ್ದು? ಹೊಡೆದಾಕಿ ಸಾ."

ಹೊಡೆದುಹಾಕಿದೆ.

ಕೊನೆ, ಮೂರು

ಮುಂಜಾನೆ. ಗರಡಿಯ ಮಣ್ಣು ಅಗೆದು ಸಡಿಲ ಮಾಡುವ ಹೊತ್ತು. ಬೆಟ್ಟಯ್ಯನ ಕೈಯಲ್ಲಿ ಗುದ್ದಲಿ. ಕಟ್ಟೆಯ ಮೇಲೆ ದೊಡ್ಡಸಿದ್ದಯ್ಯ.

"ಉಸ್ತಾದ್ರೆ, ನೀವು ಬಂದಿದ್ದು ಯಾರಿಗೋಸ್ಕರ?"

ಅವರು ಮಣ್ಣಿನ ಕಡೆ ಒಮ್ಮೆ ನೋಡಿದರು. ಅವತ್ತು ನರಸೀಪುರದಲ್ಲಿ ಜಗಲಿಯ ಕಡೆ ನೋಡಿದ ಹಾಗೇ.

"ಅವತ್ತು ಯೋಚ್ನೆ ಮಾಡಿವ್ನಿ ಅಂದ್ಯಲ್ಲ?"

"ಅಂದೆ."

"ಅಗಿ ಮತ್ತೆ."

ಬೆಟ್ಟಯ್ಯ ಗುದ್ದಲಿ ಎತ್ತಿದ. ಕೆಳಗಿನ ಮಣ್ಣಿನಲ್ಲಿ ಯಾವುದು ನರಸೀಪುರದ್ದು, ಯಾವುದು ನಂಜನಗೂಡಿನದು ಎಂದು ಹುಡುಕುವವನ ಹಾಗೆ ಬಗ್ಗಿ ನೋಡುತ್ತಿದ್ದಾನೆ.

"ಇಳಿಸ್ಲಾ ಸಾ?" ಎಂದು ನನ್ನನ್ನು ಕೇಳುತ್ತಾನೆ.

ಯಾರ ಮಣ್ಣಿಗೆ, ಬೆಟ್ಟಯ್ಯ?

ಎತ್ತಿದ ಗುದ್ದಲಿ ಎತ್ತಿದ ಹಾಗೇ ಇದೆ.