ಅರ್ಧಕ್ಕೆ ನಿಂತ ಚಾಪೆ

ಗುರುವಾರದ ತರಗತಿ ಎಂದರೆ ಡಾಕ್ಟರ್ ಪೆನೀನಾಗೆ ಮೈಯೆಲ್ಲ ಉರಿ. ತಿಂಗಳಿಗೊಮ್ಮೆ ಆಸ್ಪತ್ರೆಯ ವೈದ್ಯರನ್ನೆಲ್ಲ ಕೂರಿಸಿ, ರೋಗಿಯೊಡನೆ ನ್ಯಾಯವಾಗಿ ನಡೆದುಕೊಳ್ಳುವುದು ಹೇಗೆಂದು ಚರ್ಚೆ ಮಾಡಿಸುತ್ತಿದ್ದರು. ಹಾಜರಿ ಹಾಕಿ ಹಿಂಬಾಗಿಲಿನಿಂದ ಜಾರಿಕೊಳ್ಳುವುದು ಅವಳ ಪದ್ಧತಿ. ಉಪೋಲು ದ್ವೀಪದ ರೋಗಿಗಳನ್ನು ನೋಡುತ್ತಲೇ ಕೂದಲು ನರೆತವಳಿಗೆ ಒಳ್ಳೆಯತನದ ಪಾಠ ಬೇರೆ ಕೇಡು ಎಂದು ಗೊಣಗುತ್ತಿದ್ದಳು. ಹೊರಗೆ ರೋಗಿಗಳು ಕಾಯುತ್ತಿದ್ದುದೂ ನಿಜವೇ. ಅವಳನ್ನು ಸೋಮಾರಿ ಎನ್ನುವಂತಿರಲಿಲ್ಲ.

ಅಂಥದೇ ಒಂದು ಗುರುವಾರ ಅವಳು ಬಾಗಿಲು ಎಳೆದುಕೊಳ್ಳುವಾಗ ಒಳಗಿನ ಪ್ರಶ್ನೆ ಕಿವಿಗೆ ಬಿತ್ತು: ಕೆಟ್ಟ ಸುದ್ದಿ ಬಂದಾಗ ಮೊದಲು ಯಾರನ್ನು ಕೇಳುತ್ತೀರಿ? ಉತ್ತರ ಕೇಳಲು ಅವಳು ನಿಲ್ಲಲಿಲ್ಲ.

ಆ ವಾರವೇ ಅವಳ ರೋಗಿ ತುಲಿಯಾ ಅಜ್ಜಿಯ ಹೊಟ್ಟೆಯ ಗಡ್ಡೆ ಕ್ಯಾನ್ಸರ್ ಎಂದೂ, ಮದ್ದಿಗೆ ಬಗ್ಗುವ ಹಂತ ದಾಟಿದೆಯೆಂದೂ ತಿಳಿಯಿತು. ಪೆನೀನಾ ರೂಢಿಯಂತೆ ಮನೆತನದ ಮತಾಯಿಯನ್ನು ಕರೆಸಿದಳು. ಎಲ್ಲರ ಪರವಾಗಿ ಮಾತಾಡುವ ಯಜಮಾನ ಅವನು, ಅಜ್ಜಿಯ ತಮ್ಮನ ಮಗ ಲೆವಿ. ಅಷ್ಟು ದೊಡ್ಡ ಆಳು ಗಳಗಳನೆ ಅತ್ತುಬಿಟ್ಟ. ಅತ್ತೆಗೆ ಹೇಳಬೇಡಿ, ಎದೆ ಒಡೆದುಕೊಳ್ಳುತ್ತಾಳೆ, ಹುಣ್ಣು ಎಂದುಬಿಡಿ ಎಂದು ಬೇಡಿಕೊಂಡ. ಮತಾಯಿಯ ಮಾತು ಮೀರುವುದುಂಟೇ? ಪೆನೀನಾ ಒಪ್ಪಿದಳು. ಅದನ್ನು ಕರುಣೆಯೆಂದೇ ನಂಬಿದ್ದಳು, ಪಾಪ.

ಕೆಲವು ದಿನ ಬಿಟ್ಟು ಅಜ್ಜಿ ಒಬ್ಬಳೇ ಬಂದಳು. ಅವಳಿಗೆ ಸವಾಯಿ ದ್ವೀಪದಲ್ಲಿ ಫೆತು ಎಂಬ ತಂಗಿ ಇದ್ದಳು. ತಾಯಿಯ ಮಣ್ಣಿನ ದಿನ, ಊರವರ ಎದುರಿಗೇ, ಅಮ್ಮನನ್ನು ಉಪವಾಸ ಕೆಡವಿ ಕೊಂದವಳು ಇವಳೇ ಎಂದು ತುಲಿಯಾ ಬಾಯಿಗೆ ಬಂದಂತೆ ಆಡಿದ್ದಳು. ಅದು ಶುದ್ಧ ಸುಳ್ಳು. ಅಂದಿನಿಂದ ಅಕ್ಕತಂಗಿಯರಿಗೆ ಮಾತಿಲ್ಲ. ಇಲ್ಲಿ ತಪ್ಪೊಪ್ಪಿಕೊಳ್ಳುವವರು ನಯವಾದ ಚಾಪೆಯನ್ನು ತಲೆಯ ಮೇಲೆ ಹೊದ್ದು ನೊಂದವರ ಬಾಗಿಲಲ್ಲಿ ಕೂರಬೇಕು. ಒಳಗಿನವರು ಬಂದು ಚಾಪೆ ಎತ್ತಿದರೆ ಕ್ಷಮಿಸಿದಂತೆ.

“ನನ್ನ ಕೈಯಾರೆ ಹೆಣೆದದ್ದೇ ಒಯ್ಯಬೇಕು ಡಾಕ್ಟ್ರಮ್ಮ. ಎಳೆ ಸಣ್ಣದು, ಮುಗಿಯೋಷ್ಟರಲ್ಲಿ ಮುಂದಿನ ಮಳೆಗಾಲ ಬರತ್ತೆ. ಅಷ್ಟು ದಿನ ಇರ್ತೀನಾ? ಇಲ್ಲಾಂದ್ರೆ ಹೇಳ್ಬಿಡು, ನಾಳೇನೇ ಬರಿಗೈಲಿ ದೋಣಿ ಹತ್ತೀನಿ. ಬೈದ್ರೆ ಬೈಸ್ಕೋತೀನಿ.”

ಪೆನೀನಾಳ ಕಣ್ಣ ಮುಂದೆ ಲೆವಿಯ ಅಳುಮುಖ ಬಂತು.

“ಹುಣ್ಣು ಅಷ್ಟೇ ಅಜ್ಜಿ. ನೀವು ಚಾಪೆ ಹೆಣೀರಿ.”

ಅಜ್ಜಿ ಬೊಚ್ಚುಬಾಯಿ ತುಂಬ ನಕ್ಕಳು. ಹಾಗಾದರೆ ಒಳ್ಳೆಯ ಕೇದಿಗೆ ಎಲೆಯನ್ನೇ ಕೊಯ್ಯಿಸುತ್ತೇನೆ ಎಂದು ಹೇಳಿ, ಲಗುಬಗೆಯಿಂದ ಮನೆಗೆ ಹೋದಳು.

ಮಳೆಗಾಲ ಬರುವ ಎಷ್ಟೋ ಮೊದಲೇ ಅಜ್ಜಿ ಕಣ್ಣು ಮುಚ್ಚಿದಳು. ಚಾಪೆ ಅರ್ಧವಷ್ಟೇ ಆಗಿತ್ತು. ಸುದ್ದಿ ಮುಟ್ಟಿದ ಕೂಡಲೇ ದೋಣಿ ಹತ್ತಿ ಬಂದ ಫೆತು ಅಕ್ಕನ ತಲೆಯ ಹತ್ತಿರ ಕುಳಿತಳು. ಮಣ್ಣಿಗೆ ಬಂದ ಪೆನೀನಾಳನ್ನು ಕಂಡು, ಅಕ್ಕ ಕೊನೆಗಾದರೂ ತನ್ನ ಹೆಸರೆತ್ತಿದಳೇ ಎಂದು ಕೇಳಿದಳು. ಇನ್ನೊಂದು ಸುಳ್ಳು ಹೇಳುವ ಶಕ್ತಿ ಪೆನೀನಾಗೆ ಇರಲಿಲ್ಲ. ಗಡ್ಡೆ, ಲೆವಿಯ ಕಣ್ಣೀರು, ಅಜ್ಜಿ ಕೇಳಿದ್ದು, ತಾನು ಹೇಳಿದ್ದು, ಎಲ್ಲವನ್ನೂ ಹೇಳಿದಳು. ಮೂಲೆಯಲ್ಲಿದ್ದ ಲೆವಿ ಮುಖ ಮುಚ್ಚಿಕೊಂಡ.

ಫೆತು ಪೆನೀನಾಳತ್ತ ತಿರುಗಿದಳು.

“ಸಾಯೋಳ್ನೇ ಮೊದ್ಲು ಕೇಳ್ಬೇಕು ಅಂತ ನಿಮಗೆ ಯಾರೂ ಕಲಿಸ್ಲಿಲ್ವಾ ತಾಯಿ?”

“ಕಲಿಸ್ತಾರೆ. ತಿಂಗಳಿಗೊಂದ್ಸಲ. ನಾನು ಎದ್ದು ಹೋಗ್ತಿದ್ದೆ.”

ಫೆತು ಬಯ್ಯಲಿಲ್ಲ. ಬೈದಿದ್ದರೆ ಪೆನೀನಾಗೆ ಎಷ್ಟೋ ಹಗುರವಾಗುತ್ತಿತ್ತು. ಮುದುಕಿ ಕೈಚಾಚಿ ಗೋಡೆಯ ಬಳಿ ಸುತ್ತಿಟ್ಟಿದ್ದ ಆ ಅರ್ಧ ಚಾಪೆಯನ್ನು ಎಳೆದುಕೊಂಡಳು, ಅಂಚಿನಲ್ಲಿ ಜೋತಾಡುತ್ತಿದ್ದ ಎಳೆಗಳನ್ನು ಸವರಿ ಸರಿಪಡಿಸಿದಳು, ಅಕ್ಕನ ತಲೆಯ ಮೇಲೆ ಹೊದಿಸಿದಳು. ತಲೆ ಮುಚ್ಚಲು ಅಷ್ಟು ಧಾರಾಳವಾಗಿ ಸಾಕಿತ್ತು.

ಆಮೇಲೆ ಎರಡೂ ಕೈಯಿಂದ ಅದನ್ನು ಮೆಲ್ಲಗೆ ಎತ್ತಿ ತೆಗೆದಳು.