ಗೆರೆವ್ವ

ಕರಿಮಡುವಿನ ಜನ ದೇವರು ಮಾಡುವುದರಲ್ಲಿ ಬಲು ಚುರುಕು. ಕೊಣ್ಣೂರಿನಿಂದ ಎರಡು ಹರದಾರಿ ಕೆಳಗೆ, ಘಟಪ್ರಭೆ ಮೈ ತಿರುವುವ ಕಡೆ ಇರುವ ಈ ಊರಿನಲ್ಲಿ ಕೇರಿಗೊಂದು ಬಾವಿ ತೋಡಿಸುವ ಮಾತು ಹತ್ತು ವರ್ಷದಿಂದ ನಡೆದೇ ಇತ್ತು. ಸರಕಾರದ ಒಂದು ಕಲ್ಲು ದೇವಿಯಾಗಲು ಮಾತ್ರ ಒಂದೇ ಮಳೆಗಾಲ ಸಾಕಾಯಿತು. ಹಲಗೆ ಬಡಿದು ಊರಿಗೆ ಸಾರುವ ವಾಲೀಕಾರ ಕೇದಾರಿ ಇದನ್ನೆಲ್ಲ ಕಣ್ಣಾರೆ ಕಂಡವನು, ಕಂಡೂ ಬಾಯಿ ಮುಚ್ಚಿಕೊಂಡಿದ್ದವನು. ಹೀಗಾಗಿ ಊರವರ ಮೇಲೆ ಅವನಿಗಿದ್ದ ಹೇಸಿಗೆಯಲ್ಲಿ ಒಂದು ಪಾಲು ತನ್ನ ಮೇಲೂ ಇತ್ತು.

ಕಲ್ಲು ನೆಟ್ಟದ್ದು ಹಿಂದಿನ ಮಹಾಪೂರದ ಮರುವರ್ಷ. ಗೋಕಾಕದಿಂದ ಬಂದ ಸಾಹೇಬ ಹೊಳೆಗೆ ಇಳಿಯುವ ಪಾವಟಿಗೆಗಳ ಬಾಜೂ ಆಳೆತ್ತರದ ಕಲ್ಲುಕಂಬ ನಿಲ್ಲಿಸಿ, ಅದಕ್ಕೊಂದು ಕೆಂಪು ಗೆರೆ ಎಳೆಸಿದ. ಬಣ್ಣದ ಡಬ್ಬಿ ಹಿಡಿದುಕೊಂಡು ನಿಂತವನು ಕೇದಾರಿಯೇ. ಗೆರೆ ಅವನ ಸೊಂಟದ ಮಟ್ಟಕ್ಕೆ, ಮೇಲಿನಿಂದ ನಾಲ್ಕನೆಯ ಪಾವಟಿಗೆಗೆ ಸರಿಸಮ ಬಂದಿತ್ತು. ನೀರು ಗೆರೆ ಮುಟ್ಟಿದ ಕೂಡಲೇ ವಾಲೀಕಾರ ಹಲಗೆ ಬಡಿಯಬೇಕು, ಹಲಗೆ ಕೇಳಿದವರೆಲ್ಲ ಕೂಸುಕುನ್ನಿ ಎತ್ತಿಕೊಂಡು ಊರ ಮೇಲಿನ ದಿಬ್ಬ, ಮಡ್ಡಿ ಏರಬೇಕು. ಸಾಹೇಬ ಹೇಳಿದ್ದು ಇಷ್ಟೇ. ಎತ್ತಿಗೂ ತಿಳಿಯುವಂಥ ಮಾತು. ಎತ್ತುಗಳಿಗೆ ತಿಳಿದಿತ್ತೋ ಏನೋ.

ಆ ಶ್ರಾವಣದಲ್ಲಿ ಗೌಡರ ಹೆಂಡತಿ ಚನ್ನವ್ವ ಹೊಳೆಗೆ ಬಾಗಿನ ಬಿಡಲು ಬಂದಳು. ಕಲ್ಲು ನೋಡಿದಳು, ಕಲ್ಲಿನ ಮೇಲೆ ಕೆಂಪು ನೋಡಿದಳು, ಕೈ ಸುಮ್ಮನಿರದೆ ತಾನೂ ಒಂದು ಚಿಟಿಕೆ ಕುಂಕುಮ ಏರಿಸಿದಳು. ಅವಳ ಮೊಮ್ಮಗನಿಗೆ ಬಂದ ಜ್ವರ ಅದೇ ವಾರ ಇಳಿಯಿತು. ಕೊಣ್ಣೂರಿನ ಪಂಡಿತ ಕೊಟ್ಟ ಕಷಾಯ ಯಾರ ನೆನಪಿಗೂ ಬರಲಿಲ್ಲ. ಮುಂದಿನ ಅಮಾವಾಸ್ಯೆಗೆ ಕಲ್ಲಿಗೆ ಬೆಳ್ಳಿಯ ಕಣ್ಣು ಬಂದವು, ಹಸಿರು ಸೀರೆ ಬಂತು, ಗೆರೆವ್ವ ಎಂದು ಹೆಸರೂ ಬಂತು.

ದೇವಿಗೆ ಪ್ರತಿ ವರ್ಷ ಎಣ್ಣೆಯಲ್ಲಿ ಕಲಸಿದ ಸಿಂಧೂರ ಬಳಿಯುತ್ತಿದ್ದರು. ಹಳೆಯದು ಮಳೆಗೆ ತೊಳೆದು ಹೋಗಿ ಪಾಚಿ ಹಿಡಿಯುತ್ತಿತ್ತು; ಪಾಚಿಯ ಮೇಲೆ ಸಿಂಧೂರ ಕೂಡದೆಂದು ಒಂದು ಗೇಣು ಮೇಲಕ್ಕೆ ಬಳಿಯುತ್ತಿದ್ದರು. ಹೀಗೆ ನಾಲ್ಕು ವರ್ಷದಲ್ಲಿ ಸರಕಾರದ ಗೆರೆ ಎರಡು ಮೊಳ ಮೇಲೇರಿ ಕೂತಿತು. ನೀರು ಈಗ ಆ ಗೆರೆ ಮುಟ್ಟಬೇಕಾದರೆ ಮೊದಲು ಹೊಳೆದಂಡೆಯ ಕೇರಿಯ ಹದಿನೇಳು ಗುಡಿಸಲುಗಳ ಒಳಗೆ ಮೀನು ಓಡಾಡಬೇಕಿತ್ತು.

ಕೇದಾರಿ ಒಮ್ಮೆ ಗೌಡರಿಗೆ ಹೇಳಿ ನೋಡಿದ್ದ. ಗೌಡ ಗುರುಲಿಂಗಪ್ಪ ಚಾವಡಿಯ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತ ಕೇಳಿಸಿಕೊಂಡ.

“ಗೆರಿ ಮ್ಯಾಲ ಏರೇತ್ರಿ ಗೌಡ್ರ. ನಾನ ಡಬ್ಬಿ ಹಿಡಿದಾಂವ. ಇದ್ದದ್ದು ನಾಲ್ಕನೆ ಪಾವಟಿಗಿಗಿ.”

“ದೇವಿ ಬೆಳ್ಯಾಕತ್ತಾಳಲೇ. ದೇವಿ ಬೆಳಿಯೂದು ಊರಿನ ಪುಣ್ಯ. ನೀ ಇನ್ನ ಮ್ಯಾಲ ಇಪ್ಪತ್ತು ಹೆಜ್ಜಿ ದೂರ ನಿಂತು ನೋಡು. ನಿನ್ನ ನೆರಳು ಬೀಳಬಾರದು.”

ಅಲ್ಲಿಗೆ ಗೆರೆ ಕಾಯಬೇಕಾದವನು ಗೆರೆಯ ಹತ್ತಿರ ಹೋಗುವಂತಿಲ್ಲ ಎಂದಾಯಿತು. ಎದೆಯ ಮೇಲೆ ಲಿಂಗ ಕಟ್ಟಿಕೊಂಡ ಗೌಡ ಬಣ್ಣದ ಡಬ್ಬಿಗೆ ಅಡ್ಡಬೀಳುವುದನ್ನು ನೋಡಿ ಕೇದಾರಿಗೆ ನಗು ಬರುತ್ತಿತ್ತು. ಮಾಮಲೇದಾರ ಕಚೇರಿಯಿಂದ ಮಳೆಗಾಲಕ್ಕೆ ಮುಂಚೆ ಪ್ರತಿ ವರ್ಷ ಒಂದು ಕಾಗದ ಬರುತ್ತಿತ್ತು: ಗೆರೆ ಸ್ಪಷ್ಟವಾಗಿದೆಯೇ. ‘ಹಿಂದಿಗಿಂತ ಸ್ಪಷ್ಟವಾಗಿದೆ’ ಎಂದು ಗೌಡ ಸಹಿ ಹಾಕಿ ಕಳಿಸುತ್ತಿದ್ದ. ಅದನ್ನು ಓದಿದ ಜಾಣರು ಗೋಕಾಕದಲ್ಲಿ ಕೂತು ಸಂತೋಷಪಟ್ಟಿರಬೇಕು.

ಐದನೆಯ ಶ್ರಾವಣದಲ್ಲಿ ಮೇಲಿನ ಘಟ್ಟದ ಕಡೆ ಆರು ದಿನ ಮಳೆ ಕಡಿಯಲಿಲ್ಲ. ಏಳನೆಯ ಮುಂಜಾನೆ ಹೊಳೆಯ ಬಣ್ಣ ತಿರುಗಿತ್ತು. ಬೇರುಸಮೇತ ಮರಗಳು, ಯಾರದೋ ಹುಲ್ಲಿನ ಬಣವೆ, ಒಂದು ತೊಟ್ಟಿಲು ತೇಲಿ ಹೋದವು. ಕೇದಾರಿ ಇಪ್ಪತ್ತು ಹೆಜ್ಜೆ ದೂರ ನಿಂತು ಪಾವಟಿಗೆ ಎಣಿಸಿದ. ಮೂರೇ ಕಂಡವು. ಮಗಳು ಇಂದ್ರವ್ವ ಹಡೆದು ಒಂಬತ್ತು ದಿನವಾಗಿತ್ತು; ಅವಳು ಮಲಗಿದ್ದ ಗುಡಿಸಲು ಕೇರಿಯಲ್ಲೇ ಎಲ್ಲಕ್ಕಿಂತ ತಗ್ಗಿನಲ್ಲಿತ್ತು.

ಅವನು ಚಾವಡಿಗೆ ಓಡಿದ. “ನಾಲ್ಕನೆ ಪಾವಟಿಗಿ ಮುಳುಗೇತ್ರಿ. ಹಲಗಿ ಬಡಿಯಾಕ ಅಪ್ಪಣಿ ಕೊಡ್ರಿ.”

“ಗೆರೆವ್ವಗ ಮುಟ್ಟೇತೇನು ನೀರು?”

“ಆ ಗೆರಿ ಸುಳ್ಳರಿ ಗೌಡ್ರ.”

ಗೌಡ ಬಾಯೊಳಗಿನ ಎಲೆ ಉಗುಳಿ ಎದ್ದು ನಿಂತ. “ದೇವಿಗೆ ಸುಳ್ಳ ಅಂತಿ. ಹಲಗಿ ಇಲ್ಲೆ ಇಡು. ದೇವಿ ಹೇಳಿದಾಗ ತಗೊಂಡು ಬಡಿಯುವಿಯಂತ.”

ಕೇದಾರಿ ಹಲಗೆ ಕೆಳಗಿಟ್ಟ. ತನ್ನ ಕೈ ಅಷ್ಟು ಸುಲಭವಾಗಿ ಕೇಳಿದ್ದಕ್ಕೆ ಅವನಿಗೇ ನಾಚಿಕೆಯಾಯಿತು. ಬರಿಗೈಯಲ್ಲಿ ಕೇರಿಗೆ ಬಂದು ಮನೆಮನೆಗೆ ಹೇಳಿದ. ಕೇರಿಯವರಾದರೂ ಕೇಳಿಯಾರು ಎಂದುಕೊಂಡಿದ್ದ. ಅವರೂ ಅದೇ ಊರಿನ ಗಾಳಿ ಕುಡಿದವರು. ದೂರದಿಂದಲೇ ಕಾಯಿ ಉರುಳಿಸಿ ಗೆರೆವ್ವನಿಗೆ ಕೈ ಮುಗಿಯುತ್ತಿದ್ದವರು. ತಮ್ಮ ಯಲ್ಲಾರಿ ಬಿಸಿ ರೊಟ್ಟಿ ಮುರಿಯುತ್ತ, “ಹಲಗಿ ಎಲ್ಲೈತೋ ಯಣ್ಣಾ?” ಎಂದು ಕೇಳಿದ. ಹೆಂಡತಿ ಉದ್ದವ್ವ ಬಾಣಂತಿಯ ಬಾಗಿಲಿಗೆ ಅಡ್ಡ ನಿಂತಳು.

“ಹಸಿ ಬಾಣಂತಿ, ಈ ಮಳ್ಯಾಗ ಎಲ್ಲಿಗಿ ಒಯ್ಯಲಿ? ಕೂಸಿಗಿ ಥಂಡಿ ಆದ್ರ ನೀ ಜವಾಬ್ದಾರಿ ಏನು?”

“ನೀರು ಬರಾಕತ್ತೇತಿ.”

“ದೇವಿಗೆ ಇನ್ನೂ ಎರಡು ಮೊಳ ಐತಿ. ಹೊಳೀಗಿಂತ ನಿನಗ ಹೆಚ್ಚು ತಿಳಿತೈತೇನು?”

ಒಳಗೆ ಕೂಸು ಅತ್ತಿತು. ಕೇದಾರಿ ಅಂಗಳದಲ್ಲಿ ನಿಂತು ಇವರೆಲ್ಲರನ್ನೂ ನೋಡಿದ. ಇವರು ಹೊಳೆಗೆ ಅಂಜುವವರಲ್ಲ, ಮಳೆಗೆ ಅಂಜುವವರಲ್ಲ, ಕಣ್ಣೆದುರು ತೊಟ್ಟಿಲು ತೇಲಿ ಹೋದರೂ ಅಂಜುವವರಲ್ಲ. ಹುಟ್ಟಿದಾಗಿನಿಂದ ಇವರು ಅಂಜಿದ್ದು ಒಂದಕ್ಕೇ. ಅದು ಹೊಳೆದ ಕೂಡಲೇ ಅವನು ತಲೆಗೆ ಸುತ್ತಿದ್ದ ವಸ್ತ್ರ ಬಿಚ್ಚಿ ಸೊಂಟಕ್ಕೆ ಬಿಗಿದುಕೊಂಡು ಹೊಳೆಯ ಕಡೆಗೆ ನಡೆದ.

ಚನ್ನವ್ವ ಆರೇಳು ಹೆಂಗಸರ ಜೊತೆ ಆರತಿ ಹಿಡಿದು ಮೇಲಿನ ಪಾವಟಿಗೆಯ ಮೇಲೆ ನಿಂತಿದ್ದಳು. ಗೌಡರ ಆಳು ಬೀರಸಿದ್ದಪ್ಪ ಅವರ ತಲೆಯ ಮೇಲೆ ಮಳೆಗೆ ಕಂಬಳಿ ಹಿಡಿದಿದ್ದ. ಕೇದಾರಿ ಅವರ ಬಾಜೂ ಹಾದು ನೀರಿಗಿಳಿದ. ನೀರು ಅವನ ಸೊಂಟ ದಾಟಿತು. ಕಲ್ಲಿನ ಬುಡಕ್ಕೆ ಹೋಗಿ ಗೆರೆವ್ವನನ್ನು ಎರಡೂ ಕೈಯಿಂದ ತಬ್ಬಿಕೊಂಡ. ಸಿಂಧೂರ ಅವನ ಎದೆಗೆ, ಗಲ್ಲಕ್ಕೆ ಮೆತ್ತಿತು. ಕೆಟ್ಟ ಎಣ್ಣೆಯ ವಾಸನೆ ಬಂತು. ನಾಲ್ಕು ವರ್ಷ ಇಷ್ಟಕ್ಕೇ ಅಂಜಿದ್ದೆನಲ್ಲ ಎಂದು ಅವನಿಗೆ ತನ್ನ ಮೇಲೆ ಸಿಟ್ಟು ಬಂತು.

ಚನ್ನವ್ವನ ಕೈಯಿಂದ ಆರತಿ ತಟ್ಟೆ ಬಿತ್ತು. “ಮುಟ್ಟಿದಾ. ಮುಟ್ಟಿದಾ” ಎಂದಳು. ಬೀರಸಿದ್ದಪ್ಪ ದಂಡೆಯಿಂದ ಬಡಿಗೆ ಬೀಸಿದ. ಎರಡು ಏಟು ಬೆನ್ನಿಗೆ ಬಿದ್ದವು. ಮೂರನೆಯದು ಬೀಳುವಷ್ಟರಲ್ಲಿ ಕೇದಾರಿ ಮೇಲೆ ಹತ್ತಿ ಕೇರಿಯ ಕಡೆ ಓಡುತ್ತಿದ್ದ.

“ನಾ ಗೆರೆವ್ವನ್ನ ಮುಟ್ಟೇನಿ” ಎಂದು ಕೂಗಿದ. “ಗೌಡ್ರ ಮಂದಿ ಬಡಿಗಿ ತಗೊಂಡು ಬರಾಕತ್ತಾರ. ಕೇರಿಗಿ ಬೆಂಕಿ ಹಚ್ಚತಾರ.”

ಅವನ ಎದೆಯ ಮೇಲಿನ ಕೆಂಪು ನೋಡಿದ್ದೇ ಸಾಕಾಯಿತು. ಯಲ್ಲಾರಿಯ ಕೈಯ ರೊಟ್ಟಿ ಕೈಯಲ್ಲೇ ಇತ್ತು, ಅವನು ಮಾತ್ರ ಹಿತ್ತಿಲು ದಾಟಿದ್ದ. ಥಂಡಿಗೆ ಅಂಜಿದ್ದ ಉದ್ದವ್ವ ಬಾಣಂತಿಯನ್ನು ಕೌದಿಯಲ್ಲಿ ಸುತ್ತಿ, ಕೂಸನ್ನು ಸೆರಗಿನಲ್ಲಿ ಕಟ್ಟಿಕೊಂಡು, ಗಂಡನಿಗೆ ಬಾಯಿಗೆ ಬಂದದ್ದನ್ನೆಲ್ಲ ಬೈಯುತ್ತ ಎಲ್ಲರಿಗಿಂತ ಮುಂದೆ ಓಡಿದಳು. ಹದಿನೇಳು ಮನೆಯ ಮಂದಿ, ಆಡು, ಕೋಳಿ ಸಮೇತ ಮಡ್ಡಿಯ ಮೇಲಿದ್ದರು. ನೀರಿಗೆ ಏಳದ ಜನ ಬಡಿಗೆಗೆ ಎದ್ದರು.

ಬಡಿಗೆಯವರು ಕೇರಿಯ ತನಕ ಬಂದರು, ಅಲ್ಲಿ ಮೊಣಕಾಲುಮಟ್ಟ ನೀರು ಕಂಡು ಹಿಂದೆ ತಿರುಗಿದರು. ಮಧ್ಯಾಹ್ನದ ಹೊತ್ತಿಗೆ ಇಂದ್ರವ್ವನ ಗುಡಿಸಲು ಕುಸಿಯಿತು. ಬಾಣಂತಿಯ ಹೊರಸು ಹೊಳೆಯ ನಡುವೆ ತಿರುಗುತ್ತ ಹೋದದ್ದನ್ನು ಎಲ್ಲರೂ ಮಡ್ಡಿಯ ಮೇಲಿನಿಂದ ನೋಡಿದರು. ಆಮೇಲೆ ಉಳಿದ ಹದಿನಾರೂ ಹೋದವು. ಇಳಿಹೊತ್ತಿಗೆ ಚಾವಡಿಗೆ ನೀರು ಹೊಕ್ಕಿತು, ಗೌಡರ ಹಗೇವಿನ ಜೋಳ ನೆಲದೊಳಗೇ ತೊಯ್ದು ಗಂಜಿಯಾಯಿತು. ಗುರುಲಿಂಗಪ್ಪ ಒದ್ದೆ ಧೋತರ ಎತ್ತಿ ಹಿಡಿದು ಏದುಸಿರು ಬಿಡುತ್ತ ಮಡ್ಡಿ ಏರಿ ಬಂದ. ಬಂದವನೇ, “ಯಾರೂ ಹತ್ರ ಬರಬ್ಯಾಡ್ರಿ” ಎಂದ. ಗೆರೆವ್ವ ಬುಡಸಮೇತ ಕಿತ್ತು ಹೋಗಿದ್ದಳು.

ನೀರು ಇಳಿದ ಹದಿನೈದು ದಿನಕ್ಕೆ ಗೋಕಾಕದಿಂದ ಕಾರಕೂನ ಬಂದು ಮಡ್ಡಿಯ ಬೇವಿನ ಕೆಳಗೆ ಪಂಚನಾಮೆ ಬರೆದ. ಗೌಡ ಹೇಳುತ್ತ ಹೋದ, ಇವನು ಬರೆಯುತ್ತ ಹೋದ. ವಾಲೀಕಾರ ಕೇದಾರಿ ದೇವಿಯ ಕಲ್ಲನ್ನು ಮುಟ್ಟಿ ಮೈಲಿಗೆ ಮಾಡಿದ್ದರಿಂದ ಹೊಳೆ ಮುನಿದು ಊರು ಹೊಕ್ಕಿತು. ಅಲ್ಲಿಯತನಕ ನೀರು ಗೆರೆಯ ಕೆಳಗೇ ಇತ್ತು. ಓದುಬರಹ ಕಲಿತ ಮನುಷ್ಯ, ಕನ್ನಡಕ ಹಾಕಿಕೊಂಡು, ಒಂದಕ್ಷರವೂ ತಪ್ಪದಂತೆ ಇದನ್ನು ಬರೆದುಕೊಂಡ. ಕೇರಿಯವರು ಒಬ್ಬೊಬ್ಬರಾಗಿ ಬಂದು ಹೆಬ್ಬೆಟ್ಟು ಒತ್ತಿದರು. ಯಲ್ಲಾರಿ ಒತ್ತಿದ. ಉದ್ದವ್ವ ಒತ್ತಿದಳು. ಕೇದಾರಿಗೆ ಅದರಿಂದ ಏನೂ ಆಗಲಿಲ್ಲ. ಅವರಿಂದ ಬೇರೆಯದನ್ನು ಅವನು ಬಯಸಿಯೂ ಇರಲಿಲ್ಲ.

ಕೊನೆಗೆ ಇಂದ್ರವ್ವ ಎದ್ದಳು. ಕೂಸು ಅವಳ ಹೆಗಲ ಮೇಲೆ ಹಾಲು ಕುಡಿದ ಬಾಯಿ ತೆರೆದು ಮಲಗಿತ್ತು. ಅವಳು ತಂದೆಯ ಎದುರು ಬಂದು ನಿಂತಳು. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ, ದುಃಖವಿತ್ತು.

“ಅಪ್ಪಾ, ನೀ ಮುಟ್ಟದ ಇದ್ದಿದ್ರ ನಮ್ಮ ಮನಿ ಉಳೀತಿತ್ತು” ಎಂದಳು. ಹೋಗಿ ಹೆಬ್ಬೆಟ್ಟು ಒತ್ತಿದಳು.

ಅದು ಕೇದಾರಿಗೆ ನಾಟಿತು. ಬೀರಸಿದ್ದಪ್ಪನ ಎರಡು ಏಟಿಗೂ ಬಾರದ ನೀರು ಅವನ ಕಣ್ಣಿಗೆ ಬಂತು. ಅವನು ಮಗಳನ್ನು ಬಿಟ್ಟು ಕೂಸನ್ನೇ ನೋಡುತ್ತ ನಿಂತ.

ಕಾರಕೂನ ಕಾಗದ ಮಡಚುತ್ತ ಹೇಳಿದ: “ಸರಕಾರ ಹೊಸಾ ಕಲ್ಲು ಮಂಜೂರು ಮಾಡೇತಿ. ಮುಂದಿನ ತಿಂಗಳ ನೆಡತಾರ. ನೀ ಏನರ ಹೇಳೂದು ಐತೇನು?”

“ಐತ್ರಿ” ಎಂದ ಕೇದಾರಿ. “ಅದನ್ನೂ ಮುಟ್ಟತೇನ್ರಿ.”