ಲಾಯಿಂಗನ ಅವ್ವ

ನಮ್ಮ ಉದ್ದಮನೆಯಲ್ಲಿ ಗುಟ್ಟು ನಿಲ್ಲುವುದಿಲ್ಲ. ಎಲ್ಲ ಸಂಸಾರಗಳಿಗೂ ಒಂದೇ ಜಗಲಿ, ಕೋಣೆಗೂ ಕೋಣೆಗೂ ನಡುವೆ ಬರೀ ಹಲಗೆ. ಈಚೆ ಕೆಮ್ಮಿದರೆ ಆಚೆ ಕೋಣೆಯವರು ನೀರು ಕುಡಿ ಅನ್ನುತ್ತಾರೆ. ಅಂಥ ಮನೆಯವರೆಲ್ಲ ಸೇರಿ ಒಂದು ಸಾವಿನ ಸುದ್ದಿಯನ್ನು ಸುಗ್ಗಿ ಮುಗಿಯುವವರೆಗೂ ಬಚ್ಚಿಟ್ಟೆವು. ದೊಡ್ಡ ಕೆಲಸ ಮಾಡಿದೆವು ಎಂದು ಆಗ ನಮಗೆ ಬಹಳ ಹೆಮ್ಮೆಯಿತ್ತು.

ಸತ್ತವನು ಲಾಯಿಂಗ್, ನನ್ನ ಪಕ್ಕದ ಕೋಣೆಯ ಹುಡುಗ. ಹೊಳೆಯ ಕೆಳಗಿನ ನಾಟಾ ಕ್ಯಾಂಪಿಗೆ ದುಡಿಯಲು ಹೋಗಿದ್ದ. ತೇಲಿಬಿಟ್ಟ ದಿಮ್ಮಿಗಳು ಕಟ್ಟು ಬಿಚ್ಚಿಕೊಂಡು ಅವನನ್ನು ಅಡಿಗೆ ಹಾಕಿಕೊಂಡವಂತೆ. ಅಲ್ಲಿಯ ಪಾದ್ರಿಯೇ ಪ್ರಾರ್ಥನೆ ಮಾಡಿ ಅಲ್ಲೇ ಮಣ್ಣು ಮಾಡಿದರು. ದೋಣಿ ನಡೆಸುವ ಮೆರಾಂಗ್ ಅವನ ಅಂಗಿಯೊಂದನ್ನು ತಂದು ನಮ್ಮ ಚರ್ಚಿನ ಮೆಟ್ಟಿಲ ಮೇಲೆ ಲಾಯಿಂಗನ ಹೆಂಡತಿ ಉಬುಂಗಳ ಕೈಗೆ ಕೊಟ್ಟ. ಅವಳು ಅದನ್ನು ಎದೆಗೆ ಒತ್ತಿಕೊಂಡಳು, ಅಷ್ಟೆ. ಅಳಲು ನಾವು ಬಿಡಲಿಲ್ಲ.

ಯಾಕೆಂದರೆ ಮನೆಯಲ್ಲಿ ಅವಳ ಅತ್ತೆ ಮಲಗಿದ್ದಳು. ಕಾಲು, ಹೊಟ್ಟೆ ಎಲ್ಲ ಊದಿ ತಿಂಗಳುಗಳಾಗಿದ್ದವು. ಇನ್ನು ಏಳುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು. ಚಿಕ್ಕವಳಾಗಿದ್ದಾಗ ಅವಳ ಹೆಸರು ಆಸುಂಗ್. ಲಾಯಿಂಗ್ ಹುಟ್ಟಿದ ದಿನದಿಂದ ಯಾರೂ ಹಾಗೆ ಕರೆದಿಲ್ಲ. ಅವಳು ಲಾಯಿಂಗನ ಅವ್ವ. ನಮ್ಮಲ್ಲಿ ಹಾಗೆಯೇ. ಚೊಚ್ಚಲು ಮಗು ಹುಟ್ಟಿದರೆ ಹೆತ್ತವರ ಹಳೆಯ ಹೆಸರು ಹೋಗುತ್ತದೆ. ಆ ಮಗು ಸತ್ತರೆ ಈ ಹೆಸರೂ ಹೋಗಿ, ಹಳೆಯ ಹೆಸರೇ ತಿರುಗಿ ಬಂದು ಅದರ ಮೊದಲಿಗೆ ‘ಉಯಾವ್’ ಎಂದು ಸೇರುತ್ತದೆ. ಗಂಡ ಸತ್ತವಳ ಹೆಸರಿನ ಮೊದಲಿಗೆ ‘ಬಾಲು’. ಸುವಾರ್ತೆ ಬಂದಾಗ ನಮ್ಮ ಹಿರಿಯರು ಹಕ್ಕಿಯ ಶಕುನ ಬಿಟ್ಟರು, ತಾಯಿತಗಳನ್ನು ಹೊಳೆಗೆ ಎಸೆದರು. ಹೆಸರುಗಳನ್ನು ಮಾತ್ರ ಯಾರೂ ಬಿಡಲಿಲ್ಲ, ಬಿಡಿ ಎಂದು ಪಾದ್ರಿಗಳೂ ಹೇಳಲಿಲ್ಲ.

ಕಾಯಿಲೆ ಬಿದ್ದಾಗಿನಿಂದ ಮುದುಕಿಗೆ ಒಂದೇ ಆಸೆ. ಲಾಯಿಂಗನ ಅವ್ವ ಅಂತಲೇ ಸಾಯಬೇಕು, ಗೋರಿಯ ಶಿಲುಬೆಯ ಮೇಲೆ ಅದನ್ನೇ ಬರೆಯಿಸಬೇಕು. ನಮ್ಮ ಪೈಕಿ ಎಷ್ಟೋ ತಾಯಂದಿರು ಉಯಾವ್ ಆಗಿ ಹೋಗಿದ್ದಾರೆ. ತಾನೊಬ್ಬಳಾದರೂ ತಪ್ಪಿಸಿಕೊಂಡೆ ಎಂದು ಅವಳ ಸಮಾಧಾನ. ಅದನ್ನು ಕಿತ್ತುಕೊಳ್ಳುವುದು ಬೇಡ, ನಾಲ್ಕು ದಿನದ ಮಾತು ಎಂದು ಆ ಚರ್ಚಿನ ಮೆಟ್ಟಿಲ ಮೇಲೆಯೇ ಎಲ್ಲರೂ ಸೇರಿ ತೀರ್ಮಾನಿಸಿದೆವು. ಉಬುಂಗಳನ್ನು ಯಾರೂ ಕೇಳಲಿಲ್ಲ.

ನಾಲ್ಕು ದಿನದಲ್ಲಿ ಮುಗಿಯಲಿಲ್ಲ. ಮುದುಕಿ ಗಟ್ಟಿ ಜೀವ. ಉಬುಂಗ್ ಕೊರಳಿನ ಮಣಿಸರ ತೆಗೆಯುವಂತಿಲ್ಲ, ಮುಖ ಬಾಡಿಸುವಂತಿಲ್ಲ. ಬೆಳಿಗ್ಗೆ ಗದ್ದೆಗೆ ಹೋಗಿ, ಅಲ್ಲಿ ತೆನೆಗಳ ನಡುವೆ ಕೂತು ಅತ್ತು, ಹೊಳೆಯಲ್ಲಿ ಮುಖ ತೊಳೆದು ಬರುತ್ತಿದ್ದಳು. ಅದಕ್ಕಿಂತ ಕಷ್ಟ ಸಂಜೆಯ ಪ್ರಾರ್ಥನೆ. ಮುದುಕಿ ಕಣ್ಣು ಮುಚ್ಚಿ, ‘ಸ್ವಾಮೀ, ನನ್ನ ಮಗನ ದೋಣೀನ ಬಂಡೆಗಳಿಂದ ಕಾಪಾಡು, ಸುಖವಾಗಿ ಮನೆ ಮುಟ್ಟಿಸು’ ಎಂದು ಬೇಡುವಳು. ಸೊಸೆ ಆಮೆನ್ ಅನ್ನಬೇಕು. ನಾನೂ ಪಕ್ಕದಲ್ಲಿ ಕೂತು ಆಮೆನ್ ಅಂದಿದ್ದೇನೆ.

ಸುಗ್ಗಿಯ ಸ್ತೋತ್ರಾರಾಧನೆ ಬಂತು. ಆರಾಧನೆ ಮುಗಿದ ಮೇಲೆ ಜಗಲಿಯಲ್ಲಿ ಕುಣಿತ. ‘ನೀನು ಕುಣೀಬೇಕು ಕಣೇ, ನಾನು ಇಲ್ಲೇ ಮಲಕ್ಕೊಂಡು ನಿನ್ನ ಕಾಲಿನ ಸದ್ದು ಕೇಳ್ತೀನಿ’ ಎಂದು ಅತ್ತೆ ಹಟ ಹಿಡಿದಳು. ಉಬುಂಗ್ ಕೈಗೆ ಮಂಗಟ್ಟೆ ಹಕ್ಕಿಯ ಗರಿ ಸಿಕ್ಕಿಸಿಕೊಂಡು ಕುಣಿದಳು. ಅವಳಷ್ಟು ಹಗುರವಾಗಿ ಕಾಲಿಡುವವರು ನಮ್ಮಲ್ಲಿಲ್ಲ. ಆ ದಿನ ನೋಡಲು ನನ್ನಿಂದಾಗಲಿಲ್ಲ, ಒಲೆ ಊದುವ ನೆವ ಮಾಡಿ ಒಳಗೆ ಹೋದೆ. ಅಲ್ಲಿ ಒಬ್ಬಳು, ‘ಗಂಡ ಮಣ್ಣಾಗಿ ಇನ್ನೂ ಮಣ್ಣು ಆರಿಲ್ಲ, ಇವಳ ಕುಣಿತ ನೋಡು’ ಎಂದಳು. ಬಾಯಿ ಮುಚ್ಚಿಕೊಂಡು ಬಟ್ಟಲು ತೊಳಿ ಅಂದೆ. ಚರ್ಚಿನ ಮೆಟ್ಟಿಲ ಮೇಲೆ ತಲೆಯಾಡಿಸಿ ಒಪ್ಪಿದವಳೇ ಅವಳು!

ಮಾರನೆಯ ಬೆಳಿಗ್ಗೆ ಜಗಲಿಯ ಕೊನೆಯ ಕೋಣೆಯ ಉಸಾತ್ ಅಜ್ಜ ಅವರಿಗೆಂದು ಮೀನು ತಂದ. ಮರ್ಯಾದೆ ಅಂದರೆ ಅವನೇ. ಮೊಮ್ಮಕ್ಕಳ ಮುಂದೆ ನಡೆಯುವಾಗಲೂ ಬೆನ್ನು ಬಾಗಿಸುವ ಮನುಷ್ಯ. ವಿಧವೆಯನ್ನು ಬರಿ ಹೆಸರಿನಿಂದ ಕರೆಯುವುದೆಂದರೆ ಅವನಿಗೆ ಕೆನ್ನೆಗೆ ಹೊಡೆದಷ್ಟು ತಪ್ಪು. ಇಷ್ಟು ದಿನ ಉಬುಂಗಳನ್ನು ಹೆಸರು ಹಿಡಿದು ಕರೆಯದೆ ತಪ್ಪಿಸಿಕೊಂಡು ತಿರುಗುತ್ತಿದ್ದ. ಅವಳು ಬಾಗಿಲಿಗೆ ಬೆನ್ನು ಹಾಕಿ ಅಕ್ಕಿ ಕೇರುತ್ತಿದ್ದಳು, ನಾನು ಪಕ್ಕದಲ್ಲೇ ಕೂತಿದ್ದೆ. ಬಾಗಿಲಲ್ಲಿ ನಿಂತು ಅವನು ಮೆತ್ತಗೆ, ‘ಬಾಲು ಉಬುಂಗ್, ಮೀನು ಎಲ್ಲಿಡ್ಲಮ್ಮ?’ ಎಂದು ಕೇಳಿದ.

ಮೊರ ನಿಂತಿತು. ತಾನು ಅಂದದ್ದು ತನಗೇ ಕೇಳಿಸಿ ಅಜ್ಜ ಮೀನನ್ನು ಹೊಸ್ತಿಲ ಮೇಲೆ ಹಾಗೇ ಇಟ್ಟುಬಿಟ್ಟ.

ಮುದುಕಿ ಚಾಪೆಯ ಮೇಲಿಂದ ಸೊಸೆಯನ್ನೇ ನೋಡುತ್ತಿದ್ದಳು. ಯಾವತ್ತು ಎಂದು ಕೇಳಿದಳು. ನಾನೇ ಹೇಳಿದೆ. ಗದ್ದೆಗೆ ಹೂ ಬಂದಾಗ, ಹೊಳೆಯಲ್ಲಿ ದಿಮ್ಮಿಗಳ ಅಡಿ ಸಿಕ್ಕಿ, ಅಲ್ಲೇ ಮಣ್ಣು ಮಾಡಿದರು, ಪ್ರಾರ್ಥನೆ ಆಯಿತು. ಅವಳು ಅಳಲಿಲ್ಲ. ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದಳು.

‘ಸತ್ತವನನ್ನ ಕಾಪಾಡು ಅಂತ ದಿನಾ ದೇವರನ್ನ ಬೇಡಿಸಿದ್ರಲ್ಲ ನನ್ನ ಕೈಲಿ. ಆಯಪ್ಪನಾದ್ರೂ ಏನು ಮಾಡಬೇಕಿತ್ತು?’ ಎಂದಳು.

ನಿನ್ನ ಹೆಸರು ಉಳಿಯಲಿ ಅಂತ ಮಾಡಿದೆವು ಎಂದು ನಾನು ತೊದಲಿದೆ.

‘ಹೌದು, ನಾನು ಆಸೆಪಟ್ಟೆ. ಬದುಕಿರೋ ಮಗನ ಹೆಸರು ಬೇಕು ಅಂತ ಆಸೆಪಟ್ಟೆ. ಈಗ ಇದನ್ನ ಇಟ್ಕೊಂಡು ಸತ್ರೆ, ಅವನಿಗೋಸ್ಕರ ಅತ್ತೋರು ಯಾರು? ಇವಳಿಗೂ ಬಿಡಲಿಲ್ಲ, ನನಗೂ ಬಿಡಲಿಲ್ಲ. ನಾಯಿ ಸತ್ತ ಹಾಗೆ ಹೋದನಲ್ಲೋ ನನ್ನ ಮಗ.’



ಹೆಸರು ಕೊಡಿ ಎಂದು ಅವಳೇ ಕೇಳಿದಳು. ಹಿರಿಯರೊಬ್ಬರು ನಾಲ್ಕು ಜನರ ಮುಂದೆ ಹೊಸ ಹೆಸರು ಹಿಡಿದು ಕೂಗಬೇಕು, ಕರೆಸಿಕೊಂಡವರು ಓಗೊಡಬೇಕು. ಓಗೊಟ್ಟರೆ ಮಾತ್ರ ಹೆಸರು ಹತ್ತುತ್ತದೆ. ಜಗಲಿಯ ಜನರೆಲ್ಲ ಬಾಗಿಲಲ್ಲಿ ತುಂಬಿದರು. ಉಸಾತ್ ಅಜ್ಜನೇ ಕೂಗಬೇಕೆಂದು ಮುದುಕಿ ಹಟ ಹಿಡಿದಳು; ಸತ್ಯ ಬಾಯಿಗೆ ಬಂದದ್ದು ಅವನಿಗೊಬ್ಬನಿಗೇ ಎಂದಳು. ಮೊದಲು ಸೊಸೆಯನ್ನು ಕರೆ ಎಂದು ಸನ್ನೆ ಮಾಡಿದಳು. ‘ಬಾಲು ಉಬುಂಗ್’ ಎಂದು ಅಜ್ಜ ಕೂಗಿದ, ಉಬುಂಗ್ ಓಗೊಟ್ಟಳು. ಮಣಿಸರ ಬಿಚ್ಚಿ ಅತ್ತೆಯ ಪಕ್ಕದಲ್ಲಿ ಕವುಚಿ ಬಿದ್ದು, ತಡೆಹಿಡಿದದ್ದನ್ನೆಲ್ಲ ಅತ್ತಳು. ಊದಿದ ಕೈ ಅವಳ ತಲೆ ಸವರುತ್ತಿತ್ತು.

‘ಉಯಾವ್ ಆಸುಂಗ್’ ಎಂದು ಅಜ್ಜ ಕರೆದ.

ಮುದುಕಿ ತುಟಿ ಬಿಚ್ಚಲಿಲ್ಲ. ಕೇಳಿಸಲಿಲ್ಲವೇನೋ ಎಂದು ಅವನು ಗಂಟಲು ಸರಿಮಾಡಿಕೊಂಡ.

‘ತಾಳಣ್ಣ,’ ಎಂದಳು ಅವಳು. ‘ಇನ್ನೊಂಚೂರು ಹೊತ್ತು ಅವನ ಅವ್ವ ಆಗಿರ್ತೀನಿ.’

ತಾಳಿದೆವು. ಯಾರೂ ಗದ್ದೆಗೆ ಹೋಗಲಿಲ್ಲ. ಒಲೆಯ ಮೇಲೆ ಅನ್ನ ಸೀದದ್ದು ವಾಸನೆ ಬಂದ ಮೇಲೆಯೇ ಗೊತ್ತಾಯಿತು. ಅವಳು ಸೂರಿನ ಕಡೆ ನೋಡುತ್ತಾ ಆಗಾಗ ಸ್ವಲ್ಪ ನಗುತ್ತಿದ್ದಳು. ಅವನ ಬಾಲ್ಯವನ್ನೆಲ್ಲ ಮೊದಲಿಂದ ನೋಡುತ್ತಿದ್ದಾಳೆ ಅನ್ನಿಸಿತು ನನಗೆ. ಬಿಸಿಲು ಕೋಣೆಯ ಆಚೆ ಗೋಡೆ ಹತ್ತಿತು.

ಆಮೇಲೆ ಅವಳು ಸೊಸೆಯ ಕೈ ಹಿಡಿದುಕೊಂಡು, ‘ಹೂಂ ಅಣ್ಣ, ಈಗ ಕರಿ’ ಎಂದಳು.

ಅಜ್ಜ ಕರೆದ.

‘ಓ’ ಎಂದಳು ಅವಳು.